ಊರು ಯಾರ ಕೈಯಲ್ಲಿದೆ ಎಂದು ಕೇಳಿದವರು

ನನಗೆ ವರದಿಗಾರಿಕೆ ಕಲಿಸಿದವರು ಒಬ್ಬ ಔಷಧಿ ಅಂಗಡಿಯವರು. ಧಾರವಾಡದಲ್ಲಿ ಎರಡು ವರ್ಷ, ಆಕ್ಲೆಂಡಿನಲ್ಲಿ ಒಂದು ವರ್ಷ ನಾನು ಅದನ್ನು ತರಗತಿಯಲ್ಲಿ ಕೂತು ಓದಿದವಳೇ. ಎರಡೂ ಕಡೆಯ ಮೇಷ್ಟ್ರುಗಳ ಮೇಲೆ ನನಗೆ ಗೌರವವಿದೆ. ಆದರೂ ಆ ಕೆಲಸ ಮೈಗೆ ಹತ್ತಿದ್ದು ಆಕ್ಲೆಂಡಿನ ಅಂಚಿನ ಪಾಪಟೋಟೊಯಿಯ ಮುಖ್ಯರಸ್ತೆಯಲ್ಲಿ, ಸೀರೆ ಅಂಗಡಿ ಮತ್ತು ಬೇಕರಿಯ ನಡುವೆ ಇದ್ದ ಅವರ ಅಂಗಡಿಯ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಹೋದ ಆಗಸ್ಟಿನಲ್ಲಿ ಅವರು ತೀರಿಕೊಂಡರು. ನಾನು ಈಗಿರುವ ನೆಲ್ಸನ್‌ನಿಂದ ವಿಮಾನ ಹತ್ತಿ ತಲುಪುವಷ್ಟರಲ್ಲಿ ದಫನ್ ಮುಗಿದು, ಗಂಡಸರು ಮನೆಗೆ ಮರಳಿ ಅಂಗಳದಲ್ಲಿ ನಿಂತಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ತಮ್ಮ ಹೆಸರು ಪೇಪರಿನಲ್ಲಿ ಬರುವುದು ಅವರಿಗೆ ಸೇರುತ್ತಿರಲಿಲ್ಲ. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಮೊದಲ ಭೇಟಿಯೇ ಜಗಳದಿಂದ ಶುರುವಾಯಿತು. ನನಗೆ ವಿಪರೀತ ನೆಗಡಿ. ನೆಗಡಿ ಮಾತ್ರೆಯ ಪೊಟ್ಟಣ ಕೇಳಿದರೆ ಬಿಳಿ ಕೋಟಿನ ಈ ಎತ್ತರದ ಮನುಷ್ಯ ಕನ್ನಡಕವನ್ನು ಹಣೆಯ ಮೇಲಿನಿಂದ ಇಳಿಸಿ, ಎಷ್ಟು ದಿನದಿಂದ, ಜ್ವರವಿದೆಯೇ, ಎಲ್ಲಿ ಇರುವುದು, ಗುರುತಿನ ಚೀಟಿ ಇದೆಯೇ ಎಂದು ಇಂಗ್ಲಿಷಿನಲ್ಲಿ ಒಂದೇ ಸಮ ಕೇಳತೊಡಗಿದರು. ಅಷ್ಟರಲ್ಲಿ ನನ್ನ ಫ್ಲ್ಯಾಟ್‌ಮೇಟ್, ದಾವಣಗೆರೆಯ ಹುಡುಗಿ, ಫೋನ್ ಮಾಡಿದಳು. ಇಲ್ಲೊಬ್ಬ ಮುದುಕ ಮಾತ್ರೆ ಕೊಡವಲ್ಲ ಎಂದು ಅವಳಿಗೆ ಕನ್ನಡದಲ್ಲಿ ದೂರು ಹೇಳಿದೆ. ಮುದುಕರು ತಲೆ ಎತ್ತದೆ ಚೀಟಿ ಬರೆಯುತ್ತ, "ಮುದುಕ ಕೊಡತಾನವಾ, ಜರಾ ತಡಿ" ಅಂದರು.

ಅವರು ಸವಣೂರಿನವರು. ಹುಬ್ಬಳ್ಳಿಯಲ್ಲಿ ಅಂಗಡಿ ನಡೆಸಿ, ನಲವತ್ತು ದಾಟಿದ ಮೇಲೆ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ನ್ಯೂಜಿಲೆಂಡಿಗೆ ಬಂದಿದ್ದರು. ಇಲ್ಲಿನ ಪರೀಕ್ಷೆಗಳನ್ನು ಹೊಸದಾಗಿ ಬರೆದು ಪಾಸಾಗುವವರೆಗೆ ಎರಡು ವರ್ಷ ಪುಕೆಕೊಹೆ ಎಂಬ ಊರಿನ ಒಂದು ಶೆಡ್ಡಿನಲ್ಲಿ ಉಳ್ಳಾಗಡ್ಡಿ ಆರಿಸಿ ಚೀಲ ತುಂಬುವ ಕೆಲಸ ಮಾಡಿದರು. ಅದನ್ನು ಅವರು ಕಷ್ಟದ ಕಥೆಯಾಗಿ ಎಂದೂ ಹೇಳಲಿಲ್ಲ. ಚೀಲದ ಮೇಲೆ ಬರೆದದ್ದನ್ನು ನಂಬಿದವನು ಅಲ್ಲಿ ಬಯ್ಯಿಸಿಕೊಳ್ಳುತ್ತಿದ್ದ, ಬಿಚ್ಚಿ ಕೈಹಾಕಿ ನೋಡಬೇಕಿತ್ತು, ಮೇಲೆ ಚೆಂದ ಕಂಡದ್ದು ನಡುವೆ ಕೊಳೆತಿರುತ್ತಿತ್ತು ಎಂದು ನಗುತ್ತ ಹೇಳುತ್ತಿದ್ದರು. ಔಷಧಿ ಕೊಡುವಾಗಲೂ ಅದೇ ಬುದ್ಧಿ. ತಾವು ಹೇಳಿದ್ದನ್ನು ಗಿರಾಕಿ ಬಾಯಿಬಿಟ್ಟು ತಿರುಗಿ ಹೇಳುವ ತನಕ ಪೊಟ್ಟಣವನ್ನು ಕೈಯಿಂದ ಬಿಡುತ್ತಿರಲಿಲ್ಲ. ಸಮೋವಾದ ಅಜ್ಜಿಯರು ಅವರನ್ನು ಡಾಕ್ಟರ್ ಎಂದು ಕರೆದರೆ ಪ್ರತಿ ಸಲವೂ ತಿದ್ದುತ್ತಿದ್ದರು. ಅಜ್ಜಿಯರು ಪ್ರತಿ ಸಲವೂ ಹಾಗೆಯೇ ಕರೆಯುತ್ತಿದ್ದರು.

ಅವರ ಹೆಂಡತಿ, ನಮಗೆಲ್ಲ ಆಂಟಿ, ಮಧ್ಯಾಹ್ನ ಡಬ್ಬಿ ತಂದು ಒಳಗಿನ ಸಣ್ಣ ಕೋಣೆಯಲ್ಲಿ ಬಡಿಸುತ್ತಿದ್ದರು. ನಾನು ಮನೆಯವರನ್ನು ಬಿಟ್ಟು ಬಂದ ಹುಡುಗಿ ಎಂದು ಗೊತ್ತಾದ ಮೇಲೆ ಡಬ್ಬಿಯಲ್ಲಿ ಇನ್ನೆರಡು ಜೋಳದ ರೊಟ್ಟಿ ಹೆಚ್ಚಾದವು. ಮಕ್ಕಳಿಬ್ಬರೂ ಅಪ್ಪನ ಕನ್ನಡಕ್ಕೂ ಅಮ್ಮನ ಉರ್ದುವಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದರು. ನಾನು ಸಿಕ್ಕಾಗ ಅಂಕಲ್ ಎಷ್ಟು ಮಾತಾಡುತ್ತಿದ್ದರೆಂದರೆ, ಕನ್ನಡ ಕೇಳಿಸಿಕೊಳ್ಳುವವರು ಸಿಕ್ಕಿದ್ದೇ ಅವರಿಗೊಂದು ಊಟ ಎಂದು ಆಂಟಿ ಹೇಳುತ್ತಿದ್ದರು.

ಆಗ ನಾನು ಮನೆಮನೆಗೆ ಪುಕ್ಕಟೆ ಹಂಚುವ ಒಂದು ಸ್ಥಳೀಯ ವಾರಪತ್ರಿಕೆಯಲ್ಲಿ ವರದಿಗಾರ್ತಿ. ಶಾಲೆಯ ಜಾತ್ರೆ, ಕಳೆದುಹೋದ ನಾಯಿ, ರೈಲ್ವೆ ಗೇಟಿನ ದೂರು, ಇವೇ ನನ್ನ ಪಾಲಿನ ಸುದ್ದಿಗಳು. ಆದರೆ ಆ ವರ್ಷಗಳಲ್ಲಿ ದೇಶದ ತುಂಬ ಇದ್ದ ಭಯ ಬೇರೆ. ಜನ ಅದನ್ನು 'ಪಿ' ಎಂದು ಒಂದೇ ಅಕ್ಷರದಲ್ಲಿ ಕರೆಯುತ್ತಿದ್ದರು. ನೆಗಡಿ ಮಾತ್ರೆಗಳಿಂದ ಬಾಡಿಗೆ ಮನೆಗಳ ಅಡುಗೆಕೋಣೆಯಲ್ಲೇ ಬೇಯಿಸಿ ತೆಗೆಯುವ ಮಾದಕ ವಸ್ತು. ನಿದ್ದೆಗೆಡಿಸಿ, ಹಲ್ಲು ಉದುರಿಸಿ, ಮನುಷ್ಯನನ್ನು ಹುಚ್ಚಾಗಿಸುವಂಥದ್ದು. ಅಂಕಲ್ ನನ್ನನ್ನು ಅಷ್ಟೆಲ್ಲ ವಿಚಾರಿಸಿದ್ದು ಅದಕ್ಕೇ ಎಂದು ಆಮೇಲೆ ತಿಳಿಯಿತು.

ಒಂದು ಸಂಜೆ ಊರಿನ ಹಾಲ್‌ನಲ್ಲಿ ಸಾರ್ವಜನಿಕ ಸಭೆ ಕರೆದಿದ್ದರು. ಒಬ್ಬ ಹಿರಿಯ ಅಧಿಕಾರಿ ಬಂದಿದ್ದರು. ಯಾವ ಇಲಾಖೆಯವರೆಂಬುದು ಈ ಕಥೆಗೆ ಬೇಕಿಲ್ಲ. ಗೋಡೆಯ ಮೇಲೆ ನಮ್ಮ ಭಾಗದ ದೊಡ್ಡ ನಕ್ಷೆ. ಅದರಲ್ಲಿ ಪಾಪಟೋಟೊಯಿಯ ಬೀದಿಗಳೆಲ್ಲ ಕೆಂಪು. ಈ ಊರು ಈಗ ಪೂರ್ತಿಯಾಗಿ ಒಂದೇ ಜಾಲದ ಹಿಡಿತದಲ್ಲಿದೆ, ಅದು ಏಷ್ಯಾದಿಂದ ನಡೆಯುವ ಜಾಲ, ಮಾಲು ವಿಮಾನ ನಿಲ್ದಾಣದಿಂದ ಇಳಿದು ಮುಖ್ಯರಸ್ತೆಯ ಏಷ್ಯನ್ ದಿನಸಿ ಅಂಗಡಿಗಳ ಮೂಲಕ ಹೋಗುತ್ತದೆ ಎಂದು ಅವರು ಶಾಂತವಾಗಿ, ಕೋಲಿನಿಂದ ತೋರಿಸುತ್ತ ಹೇಳಿದರು. ನನ್ನ ಪೆನ್ನು ಓಡಿತು. ಆ ವಾರ ಮೊದಲನೇ ಪುಟದಲ್ಲಿ ನನ್ನ ಹೆಸರಿನೊಂದಿಗೆ ದೊಡ್ಡ ಅಕ್ಷರದಲ್ಲಿ ಬಂತು: ಪಾಪಟೋಟೊಯಿ ಒಂದೇ ಗುಂಪಿನ ಕೈಯಲ್ಲಿ. ನಾನು ಹತ್ತು ಪ್ರತಿ ಎತ್ತಿಟ್ಟುಕೊಂಡು ಒಂದನ್ನು ಅಪ್ಪನಿಗೆ ಕಳಿಸಿದೆ.

ಶುಕ್ರವಾರ ಅಂಕಲ್ ಫೋನ್ ಮಾಡಿ, ನಾಳೆ ಬೆಳಿಗ್ಗೆ ಬಿಡುವಿದ್ದರೆ ಅಂಗಡಿಗೆ ಬಾ ಅಂದರು. ಹೊಗಳುತ್ತಾರೆಂದುಕೊಂಡು ಹೋದೆ. ನನ್ನ ವರದಿಯನ್ನು ಕತ್ತರಿಸಿ ಕೌಂಟರಿನ ಮೇಲೆ ಇಟ್ಟಿದ್ದರು. ಪ್ರತಿ ಸಾಲಿನ ಕೆಳಗೂ ಪೆನ್ಸಿಲ್ ಗೆರೆ. ಒಂದೊಂದೇ ಸಾಲು ಓದಿ, ಇದನ್ನು ಯಾರು ಕಂಡಿದ್ದಾರೆ ಎಂದು ಕೇಳಿದರು. ಅಧಿಕಾರಿ ಹೇಳಿದರು ಅಂದೆ. ಅವರು ಕಂಡಿದ್ದಾರೋ ಅವರಿಗೂ ಯಾರಾದರೂ ಹೇಳಿದ್ದೋ ಅಂದರು. ನನಗೆ ಗೊತ್ತಿರಲಿಲ್ಲ. 'ಪೂರ್ತಿ ಹಿಡಿತ' ಅಂದರೇನು, ಅಳೆಯುವುದು ಹೇಗೆ ಎಂದರು. ಅದೂ ಗೊತ್ತಿರಲಿಲ್ಲ. ನನಗೆ ಅಳು ಬರುವಂತಾಗಿ, ಅಷ್ಟು ದೊಡ್ಡ ಅಧಿಕಾರಿ ಸುಳ್ಳು ಹೇಳುತ್ತಾರಾ ಅಂಕಲ್ ಎಂದು ಕೇಳಿದೆ.

"ಸುಳ್ಳ ಹೇಳ್ಯಾರ ಅಂತ ನಾ ಅಂದಿಲ್ಲ ತಂಗಿ. ಅವ್ರಿಗೆ ಹೆಂಗ ಗೊತ್ತಾತು ಅಂತ ನೀ ಕೇಳಿಲ್ಲ. ಅಷ್ಟ ನಾ ಅನ್ನೂದು."

ಆಮೇಲೆ ಆ ಪ್ಲಾಸ್ಟಿಕ್ ಕುರ್ಚಿ ತೋರಿಸಿ, ಮಧ್ಯಾಹ್ನದವರೆಗೆ ಇಲ್ಲಿ ಕೂತು ನೋಡು, ಏನೂ ಮಾತಾಡಬೇಡ ಅಂದರು. ಕೂತೆ. ಹಿಂದಿನ ಹಳಿಯ ಮೇಲೆ ರೈಲು ಹೋದಾಗಲೆಲ್ಲ ಕಪಾಟಿನ ಬಾಟಲಿಗಳು ಸಣ್ಣಗೆ ನಡುಗುತ್ತಿದ್ದವು. ಆ ಬೆಳಿಗ್ಗೆ ಮೂಗು ಸೋರದೆ, ಕೆಮ್ಮದೆ, ಎರಡೆರಡು ಪೊಟ್ಟಣ ನೆಗಡಿ ಮಾತ್ರೆ ಕೇಳಿದವರು ಆರು ಜನ. ಮಗುವನ್ನು ತಳ್ಳುಗಾಡಿಯಲ್ಲಿ ತಂದ ಒಬ್ಬ ಬಿಳಿಯ ಹೆಂಗಸು. ಹೊರಗೆ ಸಾಮಾನು ಸಾಗಿಸುವ ಯೂಟ್ ಗಾಡಿ ನಿಲ್ಲಿಸಿ ಬಂದ, ಅಂಗಿಯ ಮೇಲೆಲ್ಲ ಸಿಮೆಂಟಾಗಿದ್ದ ಒಬ್ಬ ಕೆಲಸಗಾರ. ಟೈ ಕಟ್ಟಿದ ಒಬ್ಬ ಮನುಷ್ಯ. ನನ್ನದೇ ಕಾಲೇಜಿನ ಅಂಗಿ ತೊಟ್ಟ ಒಬ್ಬ ಭಾರತದ ವಿದ್ಯಾರ್ಥಿ. ಇನ್ನಿಬ್ಬರನ್ನು ಯಾವ ಜನಾಂಗಕ್ಕೆ ಸೇರಿಸಬೇಕೆಂದು ನನಗೆ ತಿಳಿಯಲಿಲ್ಲ. ಅಂಕಲ್ ಯಾರನ್ನೂ ಗದರಿಸಲಿಲ್ಲ. ಮಾತ್ರೆ ಕೊಡಲಾಗುವುದಿಲ್ಲ ಎಂದು ಹೇಳಿ, ಚಟ ಬಿಡಬೇಕೆಂದಿದ್ದರೆ ಇಲ್ಲಿ ಸಹಾಯ ಸಿಗುತ್ತದೆ ಎಂದು ಫೋನ್ ನಂಬರಿದ್ದ ಒಂದು ಸಣ್ಣ ಕಾಗದ ಕೈಗಿಟ್ಟರು. ಟೈ ಕಟ್ಟಿದವನು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡ. ಉಳಿದವರು ಕೌಂಟರಿನ ಮೇಲೆಯೇ ಬಿಟ್ಟು ಹೋದರು.

ಇವರೆಲ್ಲ ಒಂದೇ ಜಾಲದವರೇ ಎಂದು ಅಂಕಲ್ ನನ್ನನ್ನು ಕೇಳಲಿಲ್ಲ. ಅಂಗಡಿಯನ್ನು ಆಂಟಿಗೆ ನೋಡಿಕೊಳ್ಳಲು ಹೇಳಿ, ನನ್ನನ್ನು ಕರೆದುಕೊಂಡು ಮೂರು ಅಂಗಡಿ ಆಚೆ ನಡೆದರು. ಅಲ್ಲಿ ಚೀನಾದ ಗಂಡ ಹೆಂಡತಿಯ ದಿನಸಿ ಅಂಗಡಿ ಇತ್ತು. ಸೊಪ್ಪು, ಒಣಗಿಸಿದ ಅಣಬೆ, ಶಾವಿಗೆ ಮಾರುತ್ತಿದ್ದರು. ಮುಂದಿನ ಗಾಜು ಇರಲಿಲ್ಲ. ಅದರ ಜಾಗದಲ್ಲಿ ಪ್ಲೈವುಡ್ ಹಲಗೆ ಹೊಡೆದಿದ್ದರು. ನನ್ನ ಪತ್ರಿಕೆ ಬಂದ ಮರುದಿನ ಯಾರೋ ಕಲ್ಲೆಸೆದಿದ್ದರು. ನಾನು ಅಂಗಡಿಯ ಹೆಸರು ಬರೆದಿರಲಿಲ್ಲ, ನಿಜ. ಆದರೆ ಮುಖ್ಯರಸ್ತೆಯಲ್ಲಿ ನನ್ನ ವರ್ಣನೆಗೆ ಹೊಂದುವ ಅಂಗಡಿ ಅದೊಂದೇ ಎಂಬುದು ಊರಿಗೆಲ್ಲ ಗೊತ್ತಾಗುವಂತಿತ್ತು. ಬರೆದ ನನಗೊಬ್ಬಳಿಗೇ ಹೊಳೆದಿರಲಿಲ್ಲ.

ಆ ಹೆಂಗಸು ನೆಲದ ಸಂದಿಯಿಂದ ಗಾಜಿನ ಚೂರು ಆರಿಸುತ್ತಿದ್ದರು. ಅಂಕಲ್ ಏನಾದರೂ ಮೆತ್ತಗೆ ಹೇಳಿ ನನ್ನನ್ನು ಪರಿಚಯಿಸುತ್ತಾರೆಂದು ನಾನು ಕಾದೆ. ಅವರು ನೇರವಾಗಿ, ಆ ಸುದ್ದಿ ಬರೆದವಳು ಇವಳೇ ಎಂದುಬಿಟ್ಟರು. ಹೆಂಗಸು ಎದ್ದು ನಿಂತು ನನ್ನನ್ನು ನೋಡಿದರು. ಸಿಟ್ಟು ಮಾಡಿಕೊಳ್ಳಲಿಲ್ಲ. ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದರು.

"ನೀವು ಒಂದು ದಿನವೂ ನಮ್ಮ ಅಂಗಡಿಯೊಳಗೆ ಬಂದಿಲ್ಲ."

ನಾನು ಮೊಣಕಾಲೂರಿ ಅವರ ಜೊತೆ ಚೂರು ಆರಿಸಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ. ಅಂಕಲ್ ಅವರ ಗಂಡನ ಹತ್ತಿರ ರಕ್ತದೊತ್ತಡದ ಮಾತ್ರೆ ನುಂಗಿದಿರಾ ಎಂದು ವಿಚಾರಿಸಿ, ನನಗಾಗಿ ಕಾಯದೆ ಹೊರಟುಹೋದರು. ಆ ದಿನ ಅವರ ಮೇಲೆ ನನಗೆ ಬಂದ ಕೋಪ ಇಳಿಯಲು ಒಂದು ವಾರ ಹಿಡಿಯಿತು. ಆ ವಾರ ಕಳೆದ ಮೇಲೆ ಬಂದದ್ದು ಈವರೆಗೂ ಕಡಿಮೆಯಾಗಿಲ್ಲ. ಅದನ್ನು ಕೃತಜ್ಞತೆ ಅನ್ನಬೇಕು.

ಅಲ್ಲಿಂದ ಮುಂದೆ ಅವರು ಗಂಟಲು ನೋವೆಂದು ಬಂದವರಿಗೆಲ್ಲ ಹಸಿಶುಂಠಿ ಮತ್ತು ಜೇನುತುಪ್ಪ ಹೇಳತೊಡಗಿದರು. ಎಲ್ಲಿ ಸಿಗುತ್ತದೆ ಎಂದು ಕೇಳಿದರೆ, ಮೂರು ಅಂಗಡಿ ಆಚೆ. ಶುಂಠಿ ಬೇಡದ ಕಾಯಿಲೆಗೂ ಶುಂಠಿ ಬರೆಯುತ್ತೀರಿ ಎಂದು ಆಂಟಿ ಛೇಡಿಸುತ್ತಿದ್ದರು. ಶುಂಠಿಯಿಂದ ಕೆಟ್ಟವರು ಯಾರಿದ್ದಾರೆ ಎಂದು ಅಂಕಲ್.

ತಿಂಗಳ ನಂತರ ಅದೇ ಹಾಲ್‌ನಲ್ಲಿ ಮತ್ತೆ ಸಭೆ, ಅದೇ ಅಧಿಕಾರಿ, ಅದೇ ನಕ್ಷೆ. ಅಂಕಲ್ ಅಂಗಡಿಯಿಂದ ನೇರ ಬಿಳಿ ಕೋಟಿನಲ್ಲೇ ಬಂದಿದ್ದರು. ಪ್ರಶ್ನೆಯ ಸಮಯ ಬಂದಾಗ ಎದ್ದು, ಹಿಂದಿನ ವರ್ಷ ಅದೇ ಇಲಾಖೆಯವರು ಇದೇ ಹಾಲ್‌ನಲ್ಲಿ ಹಂಚಿದ್ದ ಒಂದು ಕರಪತ್ರವನ್ನು ಜೇಬಿನಿಂದ ತೆಗೆದರು. ಅದರಲ್ಲಿ ಊರು ಇನ್ನೊಂದು ಗುಂಪಿನ ಹಿಡಿತದಲ್ಲಿದೆ ಎಂದು ಬರೆದಿತ್ತು. ಆ ಗುಂಪು ಊರು ಬಿಟ್ಟು ಹೋದದ್ದು ಯಾವಾಗ, ಹೋದರೆಂದು ನಿಮಗೆ ತಿಳಿಸಿದವರು ಯಾರು ಎಂದು ಕೇಳಿದರು. ಜನ ನಕ್ಕರು. ಅಂಕಲ್ ನಗಲಿಲ್ಲ, ಕೂರಲೂ ಇಲ್ಲ. ಅಧಿಕಾರಿ, ನಮ್ಮಲ್ಲಿ ಗುಪ್ತ ಮಾಹಿತಿ ಇದೆ, ಬಹಿರಂಗ ಮಾಡಲಾಗದು ಅಂದರು. ಬೇಡ, ಗುಟ್ಟು ಹೇಳಬೇಡಿ ಎಂದರು ಅಂಕಲ್. ನನ್ನ ಅಂಗಡಿಗೆ ಬಂದವರ ಮೈಮೇಲಿನ ಗುಳ್ಳೆ ಯಾವುದೆಂದು ನನಗೆ ತಿಳಿಯದಿದ್ದರೆ ತಿಳಿಯದು ಎನ್ನುತ್ತೇನೆ, ಹೆಸರು ಕಟ್ಟಿ ಹೇಳಿದರೆ ಅವರು ತಪ್ಪು ಮದ್ದು ಹಚ್ಚಿಕೊಳ್ಳುತ್ತಾರೆ, ನೀವು ಕಟ್ಟಿದ ಹೆಸರಿಗೆ ಈ ಬೀದಿಯಲ್ಲಿ ಒಂದು ಗಾಜು ಹೋಗಿದೆ ಎಂದರು. ಅಧಿಕಾರಿಯ ಮುಖ ಕೆಂಪಾಯಿತು. ಹಿಂದಿನ ಸಾಲಿನಿಂದ ಯಾರೋ, ಹಾಗಾದರೆ ನೀನೂ ಅವರ ಕಡೆಯವನೇ ಎಂದು ಕೂಗಿದರು. ಅಂಕಲ್ ಆ ಕಡೆ ತಿರುಗಿ, ಅದನ್ನೂ ನೀವು ವಿಚಾರಿಸಿ ನೋಡಬಹುದು, ನನ್ನ ಅಂಗಡಿ ಬೆಳಿಗ್ಗೆ ಒಂಬತ್ತಕ್ಕೆ ತೆಗೆಯುತ್ತದೆ ಎಂದು ಹೇಳಿ ಕೂತರು. ಕೂತವರು ಆ ಕರಪತ್ರವನ್ನು ಮಡಚಿ ಮತ್ತೆ ಜೇಬಿಗೆ ಹಾಕಿಕೊಂಡರು.

ವಿಚಾರಿಸಲು ಬಂದವರು ಆ ಅಧಿಕಾರಿಯೇ. ಎರಡು ವಾರದ ನಂತರ ಒಂದು ಮಧ್ಯಾಹ್ನ, ಸಮವಸ್ತ್ರವಿಲ್ಲದೆ ಬಂದರು. ನಾನು ಒಳಗೆ ರೊಟ್ಟಿ ತಿನ್ನುತ್ತಿದ್ದೆ. ಅಂಕಲ್ ನನ್ನನ್ನು ಹೊರಗೆ ಕರೆದು, ಇವಳು ಪೇಪರಿನವಳು, ಆಮೇಲೆ ನನಗೆ ಗೊತ್ತಿರಲಿಲ್ಲ ಅನ್ನಬೇಡಿ ಎಂದು ಅವರಿಗೆ ಮೊದಲೇ ತಿಳಿಸಿದರು. ಆತ ಕ್ಷಣ ಯೋಚಿಸಿ, ಹೆಸರು ಬರೆಯದಿದ್ದರೆ ಸರಿ ಎಂದು ಕೂತರು. ಒಳ್ಳೆಯ ಮನುಷ್ಯ, ದಣಿದಿದ್ದರು. ಸಭೆಯ ನಂತರ ಆಫೀಸಿಗೆ ಹೋಗಿ ನಕ್ಷೆ ತಯಾರಿಸಿದವರನ್ನು ಕೇಳಿದರಂತೆ. ಎಲ್ಲೆಲ್ಲಿ ದಾಳಿ ಮಾಡಿದ್ದರೋ ಅಲ್ಲಲ್ಲಿ ಬಣ್ಣ ಬಳಿದಿದ್ದರು. ಸಿಕ್ಕವನು ಯಾರ ಪರಿಚಯದವನೋ ಆ ಗುಂಪಿನ ಹೆಸರು ಬರೆದಿದ್ದರು. ಸಿರಿವಂತರ ಬಡಾವಣೆಗಳು ಬೆಳ್ಳಗೆ ಉಳಿದದ್ದು ಅಲ್ಲಿ ಯಾರೂ ಬಾಗಿಲು ಬಡಿಯದ ಕಾರಣಕ್ಕೆ. ನಮ್ಮ ನಕ್ಷೆ ನಾವು ಓಡಾಡಿದ ನಕ್ಷೆ, ಮಾಲು ಮಾರುವವರದ್ದಲ್ಲ ಎಂದು ಅವರೇ ಹೇಳಿದರು. ಮತ್ತೆ ಹಿಡಿತ ಎಂಬ ಮಾತು ಯಾಕೆ ಬಂತು ಎಂದು ನಾನು ಕೇಳಿದೆ. ಯಾರ ಕೈಯಲ್ಲಿದೆ ಎಂದು ಜನ ಕೇಳುತ್ತಾರೆ, ಗೊತ್ತಿಲ್ಲ ಅಂದರೆ ಹೆದರುತ್ತಾರೆ ಅಂದರು. ಅಂಕಲ್ ಅವರಿಗೆ ಚಹಾ ಕೊಟ್ಟು, ಹೆಸರು ಹೇಳಿದ ಮೇಲೂ ಹೆದರಿದರಲ್ಲ ಎಂದಷ್ಟೇ ಹೇಳಿದರು.

ನಾನು ಅದನ್ನು ಬರೆದೆ. ಸಂಪಾದಕರು ಒಪ್ಪಿ ಏಳನೇ ಪುಟಕ್ಕೆ ಇಟ್ಟರು. ಅಂಕಲ್‌ಗೆ ಹೇಳಿದಾಗ ಅವರ ಮುಖ ಗಟ್ಟಿಯಾಯಿತು.

"ಗಾಜು ಒಡದದ್ದು ಮೊದಲನೇ ಪುಟದ್ಲೆ, ತಂಗಿ."

ಮರುದಿನ ನಾನು ಸಂಪಾದಕರ ಮುಂದೆ ನಿಂತು ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮೊದಲನೇ ಪುಟದ ಕೆಳಗಿನ ಅರ್ಧದಲ್ಲಿ ಅಚ್ಚಾಯಿತು: ಊರು ಯಾರ ಕೈಯಲ್ಲಿದೆ ಎಂಬುದು ನಮಗೆ ಗೊತ್ತಿಲ್ಲ, ನಾವು ಮೊದಲು ಬರೆದದ್ದು ತಪ್ಪು. ನಾನೇ ಒಂದು ಪ್ರತಿಯನ್ನು ಒಯ್ದು ಚೀನಾದವರ ಅಂಗಡಿಯಲ್ಲಿ ಕೊಟ್ಟೆ. ಅವರು ನನ್ನನ್ನು ಕ್ಷಮಿಸಿದರೆಂದು ಹೇಳಲಾರೆ. ಓದಿ, ಮಡಚಿ, ಕೌಂಟರಿನ ಕೆಳಗಿಟ್ಟರು. ಆದರೆ ಅವರು ಅಂಗಡಿ ಮುಚ್ಚಲಿಲ್ಲ. ಹೊಸ ಗಾಜು ಬಂತು. ನಾನು ಪ್ರತಿ ವಾರ ಸೊಪ್ಪಿಗೆ ಅಲ್ಲಿಗೇ ಹೋಗುತ್ತಿದ್ದೆ.

ಇಷ್ಟು ಓದಿ ಅಂಕಲ್ ಎಂದೂ ತಪ್ಪದ ಮನುಷ್ಯ ಎಂದುಕೊಳ್ಳಬಾರದು. ಒಮ್ಮೆ ಮನೆಗಳಿಗೆ ಬಣ್ಣ ಬಳಿಯುವ ಒಬ್ಬ ಮಾವೊರಿ ಮನುಷ್ಯ ನೆಗಡಿ ಮಾತ್ರೆ ಕೇಳಿದಾಗ, ಅವನ ಕೈಮೇಲಿನ ಹಚ್ಚೆ ನೋಡಿ ಯಾವುದೋ ಗುಂಪಿನವನೆಂದುಕೊಂಡು ಒಂದೇ ಏಟಿಗೆ ಇಲ್ಲ ಅಂದುಬಿಟ್ಟಿದ್ದರು. ಅವನಿಗೆ ನಿಜವಾಗಿಯೂ ಜ್ವರವಿತ್ತು. ಎರಡು ದಿನದ ಮೇಲೆ ಅವನ ಹೆಂಡತಿ ಬಂದು ನ್ಯುಮೋನಿಯಾದ ಔಷಧಿ ಚೀಟಿ ಕೊಟ್ಟಾಗ ಅಂಕಲ್‌ಗೆ ಗೊತ್ತಾಯಿತು. ಅಂದು ಸಂಜೆ ಆಂಟಿಯಿಂದ ಕೋಳಿ ಸಾರು ಮಾಡಿಸಿಕೊಂಡು ಅವರ ಮನೆಗೆ ಹೋಗಿ, ನಾನು ನಿಮ್ಮನ್ನು ನೋಡಲಿಲ್ಲ, ನಿಮ್ಮ ಕೈಯನ್ನು ನೋಡಿದೆ ಎಂದು ಹೇಳಿ ಬಂದರು. ಆ ಅಧಿಕಾರಿ ನಕ್ಷೆಗೆ ಬಣ್ಣ ಹಚ್ಚಿದ್ದಕ್ಕೂ ತಾವು ಮಾಡಿದ್ದಕ್ಕೂ ಏನು ಫರಕು ಎಂದು ನನ್ನ ಹತ್ತಿರ ಬಹಳ ದಿನ ಕೊರಗಿದರು.

ಕೆಲವು ತಿಂಗಳ ನಂತರ ಅವರ ಅಂಗಡಿಯಲ್ಲೇ ಕಳವಾಯಿತು. ಹಿಂಬಾಗಿಲು ಮುರಿದು ಮಾತ್ರೆಗಳ ಕಪಾಟನ್ನು ಖಾಲಿ ಮಾಡಿದ್ದರು. ಬೆಳಿಗ್ಗೆ ಟಿವಿಯವರು ಕ್ಯಾಮೆರಾ ಹಿಡಿದು ಬಂದರು. ಯಾವ ಗುಂಪಿನ ಕೆಲಸ ಇದು ಎಂದು ಒಬ್ಬಾಕೆ ಮೂರು ಬಗೆಯಲ್ಲಿ ಕೇಳಿದಳು. ಅಕ್ಕಪಕ್ಕದವರೂ ಒಂದು ಹೆಸರು ಹೇಳಿ ಎಂದು ಒತ್ತಾಯಿಸುತ್ತಿದ್ದರು. ಆಂಟಿ ಕಪಾಟಿನ ಮುಂದೆ ಕೂತು ಅಳುತ್ತಿದ್ದರು. ನನಗೇ ಆ ದಿನ ಯಾರದಾದರೂ ಹೆಸರು ಬೇಕೆನಿಸಿತ್ತು. ಅಂಕಲ್ ಮಾತ್ರ, ನಾನು ಮನೆಯಲ್ಲಿ ಮಲಗಿದ್ದೆ, ಯಾರನ್ನೂ ನೋಡಿಲ್ಲ ಎಂದು ಮೂರು ಸಲವೂ ಅದೇ ಉತ್ತರ ಕೊಟ್ಟರು. ಟಿವಿಯಲ್ಲಿ ಅವರ ಮಾತು ಬರಲಿಲ್ಲ. ಕಳ್ಳ ಸಿಕ್ಕಿದ್ದು ವಸಂತದಲ್ಲಿ. ಯಾವ ಗುಂಪಿನವನೂ ಅಲ್ಲ, ಎರಡು ಬೀದಿ ಆಚೆ ಇದ್ದ, ಕೆಲಸ ಕಳೆದುಕೊಂಡಿದ್ದ ಒಬ್ಬ ಬಡಗಿ. ಅವನಿಗೆ ಶಿಕ್ಷೆಯ ಜೊತೆ ಚಟ ಬಿಡಿಸುವ ಚಿಕಿತ್ಸೆಯೂ ಸಿಗಲೆಂದು ಅಂಕಲ್ ನ್ಯಾಯಾಲಯಕ್ಕೆ ಒಂದು ಪತ್ರ ಬರೆದರು. ನಾನು ಅದರ ಇಂಗ್ಲಿಷ್ ತಿದ್ದಿಕೊಟ್ಟೆ. ಮೂರು ಕಡೆ ಮಾತ್ರ ತಿದ್ದುವುದಿತ್ತು.

ನಾನು ಮದುವೆಯಾಗಿ ನೆಲ್ಸನ್‌ಗೆ ಹೋದೆ, ಅಲ್ಲಿನ ಪತ್ರಿಕೆ ಸೇರಿದೆ. ಬಂದರಿನ ಬಗ್ಗೆ, ಸೇಬಿನ ತೋಟಗಳ ಬಗ್ಗೆ ಬರೆಯುತ್ತೇನೆ. ದೊಡ್ಡವರು ದೊಡ್ಡ ಮಾತು ಹೇಳಿದಾಗ ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಹೆಚ್ಚಿನವರು ಸ್ವಲ್ಪ ತಡವರಿಸಿ, ತಮಗೆ ನಿಜವಾಗಿ ಗೊತ್ತಿದ್ದಷ್ಟನ್ನು ಹೇಳುತ್ತಾರೆ. ಅದು ಬಹುಮಟ್ಟಿಗೆ ಮೊದಲು ಹೇಳಿದ್ದಕ್ಕಿಂತ ಚಿಕ್ಕದು, ಹೆಚ್ಚು ಉಪಯೋಗದ್ದು.

ಹೋದ ಜೂನ್‌ನಲ್ಲಿ ಅಂಕಲ್ ಆಸ್ಪತ್ರೆಯಲ್ಲಿದ್ದಾರೆಂದು ದೊಡ್ಡ ಮಗಳು ಫೋನ್ ಮಾಡಿದಳು. ಹೋದೆ. ತುಂಬ ಇಳಿದಿದ್ದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಹೆಚ್ಚು ದಿನವಿಲ್ಲ ಎಂದು ಡಾಕ್ಟರ್ ಹೇಳಿದ್ದಳಂತೆ. ಬೇರೆ ಡಾಕ್ಟರಿಗೆ ತೋರಿಸೋಣ, ಮೆಲ್ಬರ್ನಿಗೆ ಒಯ್ಯೋಣ ಎಂದು ಮಕ್ಕಳು ಹಟ ಹಿಡಿದಿದ್ದರು. ಅಪ್ಪ ಯಾರ ಮಾತನ್ನೂ ಸುಮ್ಮನೆ ಒಪ್ಪುವವರಲ್ಲ, ಇದನ್ನು ಮಾತ್ರ ಯಾಕೆ ಒಪ್ಪಿದರು, ನೀವಾದರೂ ಹೇಳಿ ಎಂದು ಚಿಕ್ಕವಳು ಕಾರಿಡಾರಿನಲ್ಲಿ ನನ್ನ ಕೈ ಹಿಡಿದು ಅತ್ತಳು. ನನಗೂ ಅದೇ ಆಸೆ. ಅವರು ಒಂದು ಪ್ರಶ್ನೆ ಕೇಳಿದರೆ ಸಾಕು, ಏನಾದರೂ ಸಡಿಲವಾಗಬಹುದು ಎಂಬ ಆಸೆ.

ಒಳಗೆ ಹೋಗಿ, ಡಾಕ್ಟರಿಗೆ ಹೇಗೆ ಅಷ್ಟು ಖಾತ್ರಿ ಎಂದು ನೀವು ಕೇಳಿದಿರಾ ಅಂಕಲ್ ಎಂದೆ. ಅವರು ದಿಂಬಿಗೆ ಒರಗಿಕೊಂಡು, ಸ್ವಲ್ಪ ನೀರು ಕುಡಿದು, ನಿಧಾನವಾಗಿ ಹೇಳಿದರು.

"ಕೇಳೀನಿ. ಆ ಹುಡುಗಿ ನನ್ನ ಬಾಜೂ ಕುಂತು ಎಲ್ಲಾ ಫೋಟೋ ತೋರಿಸ್ಯಾಳ. ಇಲ್ಲಿ ಐತಿ, ಇಲ್ಲಿಗೆ ಹರಡೈತಿ, ಇದು ಮಾತ್ರ ನನಗ ತಿಳಿವಲ್ದು ಅಂತ ತಿಳೀದ್ದನ್ನೂ ಹೇಳ್ಯಾಳ. ನಾನೂ ನೋಡೀನಿ ತಂಗಿ. ಖರೇ ಐತಿ."

ಆಮೇಲೆ ಚಿಕ್ಕ ಮಗಳನ್ನು ಒಳಗೆ ಕರೆದು ಮಂಚದ ಮೇಲೆ ಕೂರಿಸಿಕೊಂಡರು. ಡಾಕ್ಟರ್ ತೋರಿಸಿದ್ದನ್ನೆಲ್ಲ, ತಮ್ಮ ಹೊಟ್ಟೆಯ ಮೇಲೆ ಬೆರಳಿಟ್ಟು, ಅವಳಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಮೊದಲಿನಿಂದ ಹೇಳತೊಡಗಿದರು. ಅವಳು ಅಳು ನಿಲ್ಲಿಸಿ ಕೇಳುತ್ತಿದ್ದಳು. ಆಂಟಿ ಮನೆಯಿಂದ ತಂದ ಡಬ್ಬಿ ಬಿಚ್ಚಿ ನನ್ನ ತಟ್ಟೆಗೆ ಊಟ ಬಡಿಸಿದರು. ನಾನು ಕಿಟಕಿಯ ಪಕ್ಕ ಕೂತು ತಿಂದೆ.